ಬ್ರೆಕ್ಸಿಟ್ ಲೆಕ್ಕ: ಬೆಳೆದೂ ಹಿಂದೆ ಬಿದ್ದ ಬ್ರಿಟನ್

ಐರೋಪ್ಯ ಒಕ್ಕೂಟವನ್ನು ಬಿಟ್ಟದ್ದರಿಂದ, ಅಂದರೆ ಬ್ರೆಕ್ಸಿಟ್‌ನಿಂದ, ಬ್ರಿಟನ್ನಿನ ತಲಾ ಜಿಡಿಪಿ (ದೇಶದ ಒಟ್ಟು ಉತ್ಪನ್ನದಲ್ಲಿ ಒಬ್ಬೊಬ್ಬರ ಪಾಲು) ಶೇ 6ರಿಂದ 8ರಷ್ಟು ಕಡಿಮೆಯಾಗಿದೆ ಎಂದು 2025ರ ನವೆಂಬರ್‌ನಲ್ಲಿ ಅಧ್ಯಯನವೊಂದು ಹೇಳಿತು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ನಿಕೊಲಸ್ ಬ್ಲೂಮ್ ಮತ್ತು ಬ್ಯಾಂಕ್ ಆಫ್ ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞರೂ ಸೇರಿದ ತಂಡ ಅದನ್ನು ಬರೆದಿತ್ತು. ಸುದ್ದಿ ಓದಿದವರಿಗೆ ಸಹಜವಾಗಿಯೇ ಒಂದು ಪ್ರಶ್ನೆ ಏಳುತ್ತದೆ: ಕಡಿಮೆ ಎಂದರೆ ಯಾವುದಕ್ಕಿಂತ ಕಡಿಮೆ? ಒಕ್ಕೂಟ ಬಿಡಬೇಕೆಂದು ಅಲ್ಲಿನ ಜನ ಮತ ಹಾಕಿದ್ದು 2016ರಲ್ಲಿ. ಅಂದಿನ ಬ್ರಿಟನ್ನಿಗಿಂತ ಇಂದಿನ ಬ್ರಿಟನ್ ಬಡವಾಗಿಲ್ಲ, ಅದರ ಆರ್ಥಿಕತೆ ಸ್ವಲ್ಪ ಬೆಳೆದೇ ಇದೆ. ಹಾಗಿದ್ದರೆ ಕಳೆದುಹೋದದ್ದು ಏನು, ಅದನ್ನು ಎಣಿಸಿದವರು ಹೇಗೆ ಎಣಿಸಿದರು?

ನಮಗೂ ಇದು ತೀರ ದೂರದ ಮಾತಲ್ಲ. 2025ರ ಜುಲೈ 24ರಂದು ಭಾರತ ಮತ್ತು ಬ್ರಿಟನ್ ಮುಕ್ತ ವ್ಯಾಪಾರ ಒಪ್ಪಂದಕ್ಕೆ ಸಹಿ ಹಾಕಿದವು. ಬ್ರಿಟನ್ ಒಕ್ಕೂಟದೊಳಗೇ ಉಳಿದಿದ್ದರೆ ಅಂಥ ಪ್ರತ್ಯೇಕ ಒಪ್ಪಂದ ಸಾಧ್ಯವೇ ಇರಲಿಲ್ಲ. ಬೆಂಗಳೂರಿನ ಗಾರ್ಮೆಂಟ್ ಕಾರ್ಖಾನೆಗಳು ಹೊಲಿಯುವ ಅಂಗಿಗೂ ಲಂಡನ್ನಿನ ಆಸ್ಪತ್ರೆಯಲ್ಲಿ ದುಡಿಯುವ ನಮ್ಮ ನರ್ಸ್‌ಗಳಿಗೂ ಬ್ರೆಕ್ಸಿಟ್‌ಗೂ ನಂಟಿದೆ. ಅದು ಹೇಗೆಂದು ತಿಳಿಯಲು ಬುಡದಿಂದಲೇ ಹೊರಡಬೇಕು.

ಒಕ್ಕೂಟದ ಮೂರು ಮೆಟ್ಟಿಲು

ದೇಶಗಳು ವ್ಯಾಪಾರಕ್ಕಾಗಿ ಒಂದಾಗುವುದರಲ್ಲಿ ಹಂತಗಳಿವೆ. ಮೊದಲನೆಯದು ಮುಕ್ತ ವ್ಯಾಪಾರ ಒಪ್ಪಂದ: ನನ್ನ ಸರಕಿಗೆ ನೀನು ಆಮದು ಸುಂಕ ಹಾಕಬೇಡ, ನಿನ್ನದಕ್ಕೆ ನಾನು ಹಾಕುವುದಿಲ್ಲ. ಉಳಿದ ದೇಶಗಳಿಗೆ ಎಷ್ಟು ಸುಂಕ ಹಾಕಬೇಕೆಂಬುದು ಅವರವರ ಇಷ್ಟ. ಎರಡನೆಯದು ಕಸ್ಟಮ್ಸ್ ಒಕ್ಕೂಟ: ಹೊರಗಿನವರ ಸರಕಿಗೂ ಎಲ್ಲ ಸದಸ್ಯರೂ ಒಂದೇ ದರದ ಸುಂಕ ಹಾಕುತ್ತಾರೆ. ಹೀಗಾಗಿ ಒಮ್ಮೆ ಒಳಗೆ ಬಂದ ಸರಕನ್ನು ಯಾವ ಗಡಿಯಲ್ಲೂ ಮತ್ತೆ ತಡೆದು ಕೇಳಬೇಕಾಗಿಲ್ಲ. ಮೂರನೆಯದು ಏಕ ಮಾರುಕಟ್ಟೆ. ಇದರಲ್ಲಿ ಸುಂಕದ ಜೊತೆಗೆ ನಿಯಮಗಳೂ ಒಂದಾಗುತ್ತವೆ. ಚಾಕೊಲೇಟಿನಲ್ಲಿ ಏನಿರಬೇಕು, ಆಟಿಕೆಯ ಬಣ್ಣದಲ್ಲಿ ಏನಿರಬಾರದು, ಬ್ಯಾಂಕಿಗೆ ಪರವಾನಗಿ ಯಾರು ಕೊಡಬೇಕು ಎಂಬುದೆಲ್ಲ ಸೇರಿ. ದುಡಿಯುವ ಜನ ಎಲ್ಲಿ ಬೇಕಾದರೂ ಹೋಗಿ ನೆಲೆಸಬಹುದು.

ಐರೋಪ್ಯ ಒಕ್ಕೂಟ ಮೂರೂ ಮೆಟ್ಟಿಲು ಹತ್ತಿದ ಕೂಟ. ಬ್ರಿಟನ್ ಅದನ್ನು ಸೇರಿದ್ದು 1973ರಲ್ಲಿ. ಏಕ ಮಾರುಕಟ್ಟೆ ಜಾರಿಗೆ ಬಂದದ್ದು 1993ರಲ್ಲಿ. 2016ರ ಜೂನ್ 23ರ ಜನಮತ ಸಂಗ್ರಹದಲ್ಲಿ ಶೇ 51.9 ಮಂದಿ ಹೊರಹೋಗುವುದಕ್ಕೆ ಮತ ಹಾಕಿದರು. ದೇಶ ಅಧಿಕೃತವಾಗಿ ಹೊರಬಂದದ್ದು 2020ರ ಜನವರಿ 31ಕ್ಕೆ. ವ್ಯಾಪಾರದ ನಿಯಮಗಳು ನಿಜಕ್ಕೂ ಬದಲಾದದ್ದು 2021ರ ಜನವರಿ 1ರಿಂದ. ಅಂದಿನಿಂದ ಬ್ರಿಟನ್ ಮೂರನೆಯ ಮೆಟ್ಟಿಲಿನಿಂದ ಮೊದಲನೆಯದಕ್ಕೆ ಇಳಿಯಿತು.

ಈ ಮೂರು ದಿನಾಂಕಗಳನ್ನು ನೆನಪಿನಲ್ಲಿಟ್ಟುಕೊಳ್ಳುವುದು ಒಳ್ಳೆಯದು. ಮತ ಹಾಕಿದ್ದಕ್ಕೂ ನಿಯಮ ಬದಲಾದದ್ದಕ್ಕೂ ನಡುವೆ ನಾಲ್ಕೂವರೆ ವರ್ಷಗಳಿವೆ. ನಷ್ಟದ ಒಂದು ದೊಡ್ಡ ಪಾಲು ಆ ಅವಧಿಯಲ್ಲಿಯೇ ಆಯಿತು, ಅಂದರೆ ಕಾಗದದ ಮೇಲೆ ಏನೂ ಬದಲಾಗದೆ ಇದ್ದಾಗ.

ಸುಂಕ ಸೊನ್ನೆ, ತಪಾಸಣೆ ಮಾತ್ರ ಪೂರಾ

2020ರ ಕ್ರಿಸ್‌ಮಸ್ ಮುನ್ನಾದಿನ ಎರಡೂ ಕಡೆಯವರು ಒಪ್ಪಿಕೊಂಡ ಒಪ್ಪಂದದಲ್ಲಿ ಸುಂಕವಿಲ್ಲ, ಪ್ರಮಾಣದ ಮಿತಿಯೂ ಇಲ್ಲ. ಹಾಗಾದರೆ ವ್ಯಾಪಾರಕ್ಕೆ ಪೆಟ್ಟು ಬಿದ್ದದ್ದು ಹೇಗೆ?

ಜಿಎಸ್‌ಟಿ ಬರುವುದಕ್ಕೆ ಮೊದಲು ಅತ್ತಿಬೆಲೆಯಂಥ ರಾಜ್ಯದ ಗಡಿಗಳಲ್ಲಿ ವಾಣಿಜ್ಯ ತೆರಿಗೆಯ ಚೆಕ್‌ಪೋಸ್ಟ್ ಮುಂದೆ ಲಾರಿಗಳು ಸಾಲುಗಟ್ಟಿ ನಿಂತಿದ್ದನ್ನು ಕಂಡವರಿಗೆ ಉತ್ತರ ಸುಲಭವಾಗಿ ಹೊಳೆಯುತ್ತದೆ. ಅಲ್ಲಿ ಚಾಲಕನಿಗೆ ಭಾರವಾಗುತ್ತಿದ್ದದ್ದು ಕಟ್ಟುವ ತೆರಿಗೆಗಿಂತ ಹೆಚ್ಚಾಗಿ ಕಾಯುವ ಹೊತ್ತು ಮತ್ತು ತೋರಿಸುವ ಕಾಗದ. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡರೆ ಕೆಲಸವಾಗುವುದಿಲ್ಲ, ಕಾಗದ ಸರಿಯಿರಬೇಕು. 2017ರ ಜುಲೈಯಲ್ಲಿ ಜಿಎಸ್‌ಟಿ ಬಂದ ಮೇಲೆ ಆ ಚೆಕ್‌ಪೋಸ್ಟ್‌ಗಳು ಎದ್ದುಹೋದವು. ಈಗ ಅವನ್ನು ಮತ್ತೆ ತಂದು ನಿಲ್ಲಿಸಿ, 'ತೆರಿಗೆ ಏನೂ ಇಲ್ಲ, ಆದರೆ ಪ್ರತಿ ಲಾರಿಯ ಕಾಗದ ನೋಡುತ್ತೇವೆ' ಎಂದರೆ ಏನಾದೀತು? ಇಂಗ್ಲಿಷ್ ಕಾಲುವೆಯ ದಡದಲ್ಲಿ ಆದದ್ದು ಅದೇ. ಅರ್ಥಶಾಸ್ತ್ರಜ್ಞರು ಇಂಥವನ್ನು ಸುಂಕೇತರ ಅಡೆತಡೆ ಎನ್ನುತ್ತಾರೆ.

ಇದರ ಬಿಸಿ ಬಲವಾಗಿ ತಟ್ಟಿದ್ದು ಕಡಲ ಉತ್ಪನ್ನಗಳವರಿಗೆ. ವೇಲ್ಸ್‌ನ ಮೆನೈ ಜಲಸಂಧಿಯಲ್ಲಿ ನಮ್ಮ ಕರಾವಳಿಯ ಪಚಿಲೆಯನ್ನೇ ಹೋಲುವ ಚಿಪ್ಪುಮೀನನ್ನು ಬೆಳೆಯುತ್ತಾರೆ. ಬ್ರಿಟನ್ನಿನ ಊಟದ ಮೇಜಿನಲ್ಲಿ ಅದಕ್ಕೆ ಅಷ್ಟು ಬೇಡಿಕೆಯಿಲ್ಲ, ಯುರೋಪಿನಲ್ಲಿದೆ. ಹಿಂದೆ ಜೀವಂತ ಚಿಪ್ಪುಗಳನ್ನು ಹಾಗೆಯೇ ಲಾರಿಯಲ್ಲಿ ತುಂಬಿ ಕಳಿಸಿಬಿಡುತ್ತಿದ್ದರು. ಶುದ್ಧ ನೀರಿನ ತೊಟ್ಟಿಗಳಲ್ಲಿ ಇಟ್ಟು ಕೊಳೆ ಕಳೆಯುವ ಕೆಲಸ ಆಚೆ ದಡದಲ್ಲಿ ನಡೆಯುತ್ತಿತ್ತು. ಹೊರಗಿನ ದೇಶಗಳಿಂದ ಬರುವ ಜೀವಂತ ಚಿಪ್ಪುಗಳು ಅತ್ಯಂತ ಶುದ್ಧ ದರ್ಜೆಯ ನೀರಿನಲ್ಲಿ ಬೆಳೆದಿರಬೇಕು, ಇಲ್ಲವೇ ಮೊದಲೇ ಶುದ್ಧಗೊಂಡಿರಬೇಕು ಎಂಬುದು ಒಕ್ಕೂಟದ ಹಳೆಯ ನಿಯಮ. 2021ರ ಜನವರಿಯಲ್ಲಿ ಬ್ರಿಟನ್ನೂ ಹೊರಗಿನ ದೇಶವಾಯಿತು. ನೀರು ಅದೇ, ಚಿಪ್ಪು ಅದೇ, ಕೊಳ್ಳುವವನೂ ಅವನೇ. ಆದರೂ ವ್ಯಾಪಾರ ನಿಂತಿತು. ಶುದ್ಧಮಾಡುವ ತೊಟ್ಟಿಗಳು ಬ್ರಿಟನ್ನಿನಲ್ಲಿ ಬೇಕಾದಷ್ಟು ಇರಲಿಲ್ಲ, ಶುದ್ಧಮಾಡಿದ ಮೇಲೆ ಚಿಪ್ಪು ಹೆಚ್ಚು ದಿನ ಬಾಳುವುದೂ ಇಲ್ಲ. ಮೀನು, ಮಾಂಸ, ಚೀಸ್ ಕಳಿಸುವವರಿಗೆ ಪಶುವೈದ್ಯರ ಸಹಿಯುಳ್ಳ ಆರೋಗ್ಯ ಪ್ರಮಾಣಪತ್ರ ಕಡ್ಡಾಯವಾಯಿತು. ಅದೇ ಜನವರಿಯಲ್ಲಿ ಕಡಲ ಉತ್ಪನ್ನಗಳ ಲಾರಿಗಳು ಲಂಡನ್ನಿಗೆ ಬಂದು ಸಂಸತ್ತಿನ ಸಮೀಪ ಪ್ರತಿಭಟನೆಗೆ ನಿಂತವು.

ಇನ್ನೊಂದು ತೊಡಕು 'ಮೂಲದ ನಿಯಮ'. ಬ್ರಿಟನ್ನಿನಲ್ಲಿಯೇ ತಯಾರಾದದ್ದು ಎಂದು ತೋರಿಸಬಲ್ಲ ಸರಕಿಗೆ ಮಾತ್ರ ಸೊನ್ನೆ ಸುಂಕ. ಬೆಂಗಳೂರಿನಿಂದ ಹೋದ ಅಂಗಿಯೊಂದು ಇಂಗ್ಲೆಂಡಿನ ಗೋದಾಮಿಗೆ ಸುಂಕ ಕಟ್ಟಿ ಇಳಿಯಿತು ಎನ್ನೋಣ. ಹಿಂದೆ ಅದೇ ಅಂಗಿ ಅಲ್ಲಿಂದ ಡಬ್ಲಿನ್ನಿಗೋ ಪ್ಯಾರಿಸ್ಸಿಗೋ ಇನ್ನೊಂದು ಪೈಸೆ ಸುಂಕವಿಲ್ಲದೆ ಹೋಗುತ್ತಿತ್ತು. ಈಗ ಅದು ಬ್ರಿಟನ್ನಿನ ಸರಕಲ್ಲ, ಹಾಗಾಗಿ ಸಾಮಾನ್ಯವಾಗಿ ಗಡಿಯಲ್ಲಿ ಮತ್ತೆ ಸುಂಕ ಬೀಳುತ್ತದೆ. ಇಡೀ ಯುರೋಪಿಗೆ ಬ್ರಿಟನ್ನಿನ ಒಂದೇ ಗೋದಾಮಿನಿಂದ ಮಾಲು ಹಂಚುತ್ತಿದ್ದವರ ಲೆಕ್ಕಾಚಾರ ತಲೆಕೆಳಗಾಯಿತು.

ದೊಡ್ಡ ಕಂಪನಿ ಇದಕ್ಕೆಂದೇ ಒಂದು ವಿಭಾಗ ತೆರೆಯಬಹುದು. ವರ್ಷಕ್ಕೆ ನಾಲ್ಕು ಪೆಟ್ಟಿಗೆ ಕಳಿಸುವ ಸಣ್ಣವನಿಗೆ ಅದು ಆಗದ ಮಾತು. ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್‌ನ ಸಂಶೋಧಕರು 2024ರ ಕೊನೆಗೆ ಪ್ರಕಟಿಸಿದ ಲೆಕ್ಕದಂತೆ, ಹೊಸ ನಿಯಮಗಳಿಂದಾಗಿ 16,400 ಬ್ರಿಟಿಷ್ ಸಂಸ್ಥೆಗಳು ಒಕ್ಕೂಟಕ್ಕೆ ರಫ್ತು ಮಾಡುವುದನ್ನೇ ಕೈಬಿಟ್ಟವು. 2022ರಲ್ಲಿ ಬ್ರಿಟನ್ನಿನ ಸರಕು ರಫ್ತು 2,700 ಕೋಟಿ ಪೌಂಡಿನಷ್ಟು ತಗ್ಗಿತು. ದೊಡ್ಡ ಸಂಸ್ಥೆಗಳು ಹೆಚ್ಚು ಕಡಿಮೆ ಹಾಗೆಯೇ ಉಳಿದವು.

ಉತ್ಪಾದಕತೆಗೂ ವ್ಯಾಪಾರಕ್ಕೂ ಏನು ಸಂಬಂಧ?

ಉತ್ಪಾದಕತೆ ಎಂದರೆ ಒಂದು ಗಂಟೆಯ ದುಡಿಮೆಯಿಂದ ಎಷ್ಟು ಮೌಲ್ಯದ ವಸ್ತು ಅಥವಾ ಸೇವೆ ಹುಟ್ಟುತ್ತದೆ ಎಂಬ ಅಳತೆ. ಜಿಡಿಪಿಯನ್ನು ಜನಸಂಖ್ಯೆ ಹೆಚ್ಚಿಸಿಯೂ ಬೆಳೆಸಬಹುದು, ಹೆಚ್ಚು ಹೊತ್ತು ದುಡಿದೂ ಬೆಳೆಸಬಹುದು. ಆದರೆ ವರ್ಷಗಟ್ಟಲೆ ಸಂಬಳ ಏರುತ್ತಾ ಹೋಗಬೇಕಾದರೆ ಗಂಟೆಯ ದುಡಿಮೆಯ ಫಲವೇ ಏರಬೇಕು. ಅದಕ್ಕೆ ಬೇರೆ ದಾರಿಯಿಲ್ಲ.

ಬ್ರಿಟನ್ನಿನ ಬಜೆಟ್‌ಗೆ ಬೇಕಾದ ಅಂದಾಜುಗಳನ್ನು ಸ್ವತಂತ್ರವಾಗಿ ಸಿದ್ಧಪಡಿಸುವ ಸಂಸ್ಥೆಗೆ ಒಬಿಆರ್ ಎಂದು ಹೆಸರು. ಒಕ್ಕೂಟದೊಳಗೆ ಉಳಿದಿದ್ದರೆ ಇರಬಹುದಾಗಿದ್ದ ಮಟ್ಟಕ್ಕಿಂತ ದೇಶದ ಉತ್ಪಾದಕತೆ ಹದಿನೈದು ವರ್ಷಗಳಲ್ಲಿ ಶೇ 4ರಷ್ಟು ಕೆಳಗೆ ನಿಲ್ಲುತ್ತದೆ, ಆಮದು ಮತ್ತು ರಫ್ತು ಶೇ 15ರಷ್ಟು ಕಡಿಮೆಯಾಗುತ್ತವೆ ಎಂಬುದು ಅದರ ಅಂದಾಜು. ಬ್ರಿಟನ್ನಿನ ವಾರ್ಷಿಕ ಜಿಡಿಪಿ ಸುಮಾರು 2.9 ಲಕ್ಷ ಕೋಟಿ ಪೌಂಡ್. ಅದರ ಶೇ 4 ಎಂದರೆ ವರ್ಷಕ್ಕೆ 11 ಸಾವಿರ ಕೋಟಿ ಪೌಂಡಿಗೂ ಮಿಕ್ಕಿದ ಮೊತ್ತ. ಒಕ್ಕೂಟಕ್ಕೆ ವಾರಕ್ಕೆ 35 ಕೋಟಿ ಪೌಂಡ್ ಕಳಿಸುತ್ತಿದ್ದೇವೆ ಎಂದು ಬ್ರೆಕ್ಸಿಟ್ ಪರದವರು ಬಸ್ಸಿನ ಮೇಲೆ ಬರೆಸಿ ಪ್ರಚಾರ ಮಾಡಿದ್ದರಲ್ಲ, ಆ ಹಣವನ್ನು ಪೂರ್ತಿ ನಿಜವೆಂದೇ ಒಪ್ಪಿಕೊಂಡರೂ ವರ್ಷಕ್ಕೆ 1,820 ಕೋಟಿ. ವಾಸ್ತವದಲ್ಲಿ ರಿಯಾಯಿತಿ ಮತ್ತು ಮರಳಿ ಬರುತ್ತಿದ್ದ ಹಣ ಕಳೆದರೆ ಅದರ ಅರ್ಧದ ಆಸುಪಾಸು.

ಇನ್ನು ವ್ಯಾಪಾರ ಕುಗ್ಗಿದರೆ ಗಂಟೆಯ ದುಡಿಮೆಯ ಫಲ ಏಕೆ ಕುಗ್ಗಬೇಕು? ದೊಡ್ಡ ಮಾರುಕಟ್ಟೆ ಇದ್ದಾಗ ದೇಶ ತನಗೆ ಚೆನ್ನಾಗಿ ಒಲಿದ ಕೆಲಸವನ್ನೇ ಹೆಚ್ಚು ಮಾಡಿ ಉಳಿದದ್ದನ್ನು ಕೊಳ್ಳಬಹುದು. ಮಾರುಕಟ್ಟೆ ಕಿರಿದಾದಷ್ಟೂ ಒಲಿಯದ ಕೆಲಸವನ್ನೂ ತಾನೇ ಮಾಡಿಕೊಳ್ಳಬೇಕಾಗುತ್ತದೆ. ಹೊರಗಿನ ಸ್ಪರ್ಧೆ ಸಡಿಲವಾದರೆ ಸೋಮಾರಿ ಕಂಪನಿಗಳೂ ಉಸಿರಾಡಿಕೊಂಡಿರುತ್ತವೆ. ಚುರುಕಾದ ಕಂಪನಿಗಳು ಬೆಳೆದು ಅವುಗಳ ಜಾಗ ಹಿಡಿಯುವುದು ನಿಧಾನವಾಗುತ್ತದೆ. ಇದರ ಮೇಲೆ, ಕಸ್ಟಮ್ಸ್ ಅರ್ಜಿ ತುಂಬಲು ನೇಮಿಸಿಕೊಂಡ ಗುಮಾಸ್ತನ ಸಂಬಳ ಖರ್ಚಿನಲ್ಲಿ ಸೇರುತ್ತದೆ, ಆದರೆ ಅವನಿಂದ ಒಂದು ಚೀಸ್ ತುಂಡೂ ಹೆಚ್ಚು ತಯಾರಾಗುವುದಿಲ್ಲ.

ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದ ಕಾರಣ ಹೂಡಿಕೆ. 2016ರ ಮತದಾನದ ಮಾರನೆಯ ದಿನ ಯಾವ ನಿಯಮವೂ ಬದಲಾಗಿರಲಿಲ್ಲ. ಆದರೆ ಮುಂದೆ ಯಾವ ನಿಯಮ ಬರುತ್ತದೆ ಎಂಬುದು ಯಾರಿಗೂ ಗೊತ್ತಿರಲಿಲ್ಲ. ಹೊಸ ಯಂತ್ರ ಕೊಳ್ಳುವವನು, ಕಾರ್ಖಾನೆಗೆ ಇನ್ನೊಂದು ಶೆಡ್ ಕಟ್ಟಬೇಕೆಂದಿದ್ದವನು 'ನೋಡಿಕೊಂಡು ಮಾಡೋಣ' ಎಂದು ಕೈಕಟ್ಟಿ ಕುಳಿತ. ಅದುವರೆಗೆ ಏರುತ್ತಿದ್ದ ಖಾಸಗಿ ಹೂಡಿಕೆ ಹಲವು ವರ್ಷ ಇದ್ದಲ್ಲಿಯೇ ಉಳಿಯಿತು. ಬ್ಲೂಮ್ ಅವರ ತಂಡದ ಅಂದಾಜಿನಂತೆ 2025ರ ಹೊತ್ತಿಗೆ ಹೂಡಿಕೆ ಇರಬೇಕಾಗಿದ್ದಕ್ಕಿಂತ ಶೇ 12ರಿಂದ 18ರಷ್ಟು ಕಡಿಮೆ, ಉತ್ಪಾದಕತೆ ಶೇ 3ರಿಂದ 4ರಷ್ಟು ಕಡಿಮೆ. ಹಳೆಯ ಯಂತ್ರದ ಮುಂದೆ ನಿಂತ ಕೆಲಸಗಾರ ಎಷ್ಟೇ ಚುರುಕಾಗಿದ್ದರೂ ಹೊಸ ಯಂತ್ರದಷ್ಟು ಹೊರತೆಗೆಯಲಾರ. ಇವತ್ತು ಕೊಳ್ಳದ ಯಂತ್ರದ ಕೊರತೆ ಐದಾರು ವರ್ಷ ಕಳೆದು ಸಂಬಳದಲ್ಲಿ ಕಾಣಿಸಿಕೊಳ್ಳುತ್ತದೆ. ಕಂಪನಿಗಳ ಮುಖ್ಯಸ್ಥರ ಸಮಯವೂ ಈ ಕಾಲದಲ್ಲಿ ಹೊಸ ಸರಕು, ಹೊಸ ಗಿರಾಕಿಯ ಬದಲು ಗಡಿಯ ತಯಾರಿಗೆ ಹೋಯಿತು ಎಂದು ಇದೇ ಸಂಶೋಧನೆ ಗುರುತಿಸುತ್ತದೆ.

ಇಲ್ಲದ ಬ್ರಿಟನ್ನನ್ನು ಅಳೆಯುವುದು

'ಇರಬೇಕಾಗಿದ್ದಕ್ಕಿಂತ' ಎಂಬ ಅರ್ಥದ ಮಾತು ಇಷ್ಟು ಹೊತ್ತಿಗೆ ಒಂದೆರಡು ಸಲ ಬಂದಿದೆ. ವಾದವೆಲ್ಲ ಇರುವುದು ಆ ಮಾತಿನಲ್ಲಿಯೇ. ಒಕ್ಕೂಟದಲ್ಲಿ ಉಳಿದ ಬ್ರಿಟನ್ ಎಲ್ಲಿಯೂ ಇಲ್ಲ, ಅದರ ಜಿಡಿಪಿಯನ್ನು ಯಾವ ಇಲಾಖೆಯೂ ಪ್ರಕಟಿಸುವುದಿಲ್ಲ.

ಆದ್ದರಿಂದ ಅರ್ಥಶಾಸ್ತ್ರಜ್ಞರು ಅದನ್ನು ಕಟ್ಟಿಕೊಳ್ಳುತ್ತಾರೆ. 2016ರವರೆಗೆ ಬ್ರಿಟನ್ನಿನ ಹಾಗೆಯೇ ನಡೆದ ಹಲವು ದೇಶಗಳನ್ನು ಆರಿಸಿ, ಇದರಲ್ಲಿ ಇಷ್ಟು ಪಾಲು, ಅದರಲ್ಲಿ ಅಷ್ಟು ಪಾಲು ಎಂದು ಬೆರೆಸಿ ಒಂದು ಪಡಿಯಚ್ಚು ತಯಾರಿಸುತ್ತಾರೆ. ಮತದಾನದ ನಂತರ ಆ ಪಡಿಯಚ್ಚು ಎಲ್ಲಿಗೆ ಹೋಯಿತು, ನಿಜವಾದ ಬ್ರಿಟನ್ ಎಲ್ಲಿ ಉಳಿಯಿತು ಎಂದು ಹೋಲಿಸಿ ನೋಡುತ್ತಾರೆ. ಕೋವಿಡ್ ಎಲ್ಲರಿಗೂ ಬಂತು, ಉಕ್ರೇನ್ ಯುದ್ಧದಿಂದ ಇಂಧನ ಎಲ್ಲರಿಗೂ ತುಟ್ಟಿಯಾಯಿತು. ಹಾಗಾಗಿ ಉಳಿದ ಅಂತರದ ಬಹುಪಾಲು ಬ್ರೆಕ್ಸಿಟ್‌ನದು ಎಂಬುದು ತರ್ಕ.

ಟೀಕಾಕಾರರ ಆಕ್ಷೇಪದಲ್ಲಿಯೂ ಹುರುಳಿದೆ. ಬೆರಕೆಯಲ್ಲಿ ಅಮೆರಿಕದ ಪಾಲು ಹೆಚ್ಚಿದ್ದರೆ ಪಡಿಯಚ್ಚು ನಾಗಾಲೋಟದಲ್ಲಿ ಓಡುತ್ತದೆ. ಜರ್ಮನಿಯ ಪಾಲು ಹೆಚ್ಚಿದ್ದರೆ ತೆವಳುತ್ತದೆ, ಏಕೆಂದರೆ 2023 ಮತ್ತು 2024ರಲ್ಲಿ ಜರ್ಮನಿಯ ಆರ್ಥಿಕತೆಯೇ ಕುಗ್ಗಿತು. ಅಮೆರಿಕ ಓಡಿದ್ದಕ್ಕೂ ಜರ್ಮನಿ ಎಡವಿದ್ದಕ್ಕೂ ಅವುಗಳದೇ ಕಾರಣಗಳಿವೆ. ಜೊತೆಗೆ ಬ್ರಿಟನ್ನಿನ ಉತ್ಪಾದಕತೆ ಸೊರಗಿದ್ದು ಬ್ರೆಕ್ಸಿಟ್‌ಗಿಂತ ಮೊದಲೇ. 2008ರ ಹಣಕಾಸು ಬಿಕ್ಕಟ್ಟಿನವರೆಗೆ ವರ್ಷಕ್ಕೆ ಸುಮಾರು ಶೇ 2ರಂತೆ ಏರುತ್ತಿದ್ದದ್ದು ಆಮೇಲೆ ತೆವಳತೊಡಗಿತ್ತು. ಎಲ್ಲ ಪಾಪವನ್ನೂ ಬ್ರೆಕ್ಸಿಟ್ ತಲೆಗೆ ಕಟ್ಟುವವರು ಇದನ್ನು ಮರೆಯುತ್ತಾರೆ.

ಬ್ಲೂಮ್ ತಂಡದ ಅಧ್ಯಯನಕ್ಕೆ ತೂಕ ಬಂದದ್ದು ಅದು ಎರಡು ದಾರಿಗಳಲ್ಲಿ ನಡೆದದ್ದರಿಂದ. ದೇಶಗಳ ಹೋಲಿಕೆಯ ಜೊತೆಗೆ, ಸಾವಿರಾರು ಬ್ರಿಟಿಷ್ ಕಂಪನಿಗಳ ಮುಖ್ಯಸ್ಥರನ್ನು 2016ರಿಂದಲೂ ನಿಯಮಿತವಾಗಿ ಕೇಳಿಕೊಂಡು ಬಂದ ಸಮೀಕ್ಷೆಯ ಉತ್ತರಗಳನ್ನೂ ಅದು ಬಳಸಿತು. ಯುರೋಪಿನೊಡನೆ ಹೆಚ್ಚು ವ್ಯವಹಾರವಿದ್ದ ಕಂಪನಿಗಳು ಇಲ್ಲದವುಗಳಿಗಿಂತ ಎಷ್ಟು ಹಿಂದೆ ಬಿದ್ದವು ಎಂಬುದನ್ನು ದೇಶದೊಳಗೇ ಹೋಲಿಸಲು ಇದರಿಂದ ಸಾಧ್ಯವಾಯಿತು. ಇಲ್ಲಿ ಅಮೆರಿಕವೂ ಇಲ್ಲ, ಜರ್ಮನಿಯೂ ಇಲ್ಲ. ಈ ದಾರಿಯಲ್ಲಿ ಸಿಕ್ಕಿದ್ದು ಶೇ 6ರ ಆಸುಪಾಸಿನ ಉತ್ತರ, ದೇಶಗಳ ಹೋಲಿಕೆಯಲ್ಲಿ ಸಿಕ್ಕಿದ್ದು ಶೇ 8ರ ಆಸುಪಾಸಿನದು. ಎರಡೂ ಒಬಿಆರ್‌ನ ಶೇ 4ಕ್ಕಿಂತ ಹೆಚ್ಚು. ಒಬಿಆರ್ ಅಳೆದದ್ದು ಉತ್ಪಾದಕತೆಯನ್ನು ಮಾತ್ರ, ಇವರು ಅಳೆದದ್ದು ತಲಾ ಜಿಡಿಪಿಯನ್ನು ಎಂಬುದೂ ಗಮನದಲ್ಲಿರಲಿ.

ಲೆಕ್ಕ ತಪ್ಪಿದ ಕಡೆಗಳು

ಬ್ರಿಟನ್ನಿನ ಹಣಕಾಸು ಇಲಾಖೆ 2016ರ ಮೇ ತಿಂಗಳಲ್ಲಿ, ಹೊರಹೋಗಲು ಮತ ಬಿದ್ದರೆ ಕೂಡಲೇ ಆರ್ಥಿಕ ಹಿಂಜರಿತ ಬರುತ್ತದೆ, ಐದು ಲಕ್ಷಕ್ಕೂ ಹೆಚ್ಚು ಜನ ಕೆಲಸ ಕಳೆದುಕೊಳ್ಳುತ್ತಾರೆ ಎಂದು ಎಚ್ಚರಿಸಿತ್ತು. ಅಂಥದ್ದೇನೂ ಆಗಲಿಲ್ಲ. ಪೌಂಡಿನ ಬೆಲೆ ಒಂದೇ ದಿನದಲ್ಲಿ ಮೂವತ್ತು ವರ್ಷಗಳ ಕೆಳಮಟ್ಟಕ್ಕೆ ಕುಸಿಯಿತು, ಆಮದು ಸಾಮಾನುಗಳ ಬೆಲೆ ಏರಿತು, ಆದರೆ ಅಂಗಡಿಗಳು ನಡೆದವು, ಕೆಲಸಗಳು ಉಳಿದವು. ಸಿಡಿಲು ಬಡಿಯುತ್ತದೆ ಎಂದು ಹೆದರಿಸಿದವರು ಗೆದ್ದಲಿನ ಬಗ್ಗೆ ಹೇಳಬೇಕಾಗಿತ್ತು. ಸಿಡಿಲು ಬಡಿಯದೆ ಹೋದದ್ದರಿಂದ, ಮುಂದೆ ಅವರು ಹೇಳಿದ ನಿಧಾನದ ನಷ್ಟವನ್ನೂ ಅನೇಕರು ನಂಬಲಿಲ್ಲ.

ವಲಸೆಯ ವಿಷಯದಲ್ಲಿ ಎರಡೂ ಕಡೆಯವರ ಊಹೆ ಸುಳ್ಳಾಯಿತು. ಯುರೋಪಿನವರ ಮುಕ್ತ ಸಂಚಾರ ನಿಂತರೆ ವಲಸೆ ಇಳಿಯುತ್ತದೆ ಎಂದುಕೊಂಡಿದ್ದರು. 2021ರಿಂದ ಬಂದ ಅಂಕ ಆಧಾರಿತ ವೀಸಾ ವ್ಯವಸ್ಥೆಯಲ್ಲಿ ಪೋಲೆಂಡ್, ರುಮೇನಿಯಾದವರ ಬದಲು ಭಾರತ, ನೈಜೀರಿಯಾದವರು ಬಂದರು. ಆರೋಗ್ಯ ಸೇವೆಯ ವೀಸಾದಲ್ಲಿ ನರ್ಸ್‌ಗಳು, ಓದು ಮುಗಿದ ಮೇಲೆ ಎರಡು ವರ್ಷ ದುಡಿಯಬಹುದೆಂಬ ಅವಕಾಶ ನೋಡಿ ವಿದ್ಯಾರ್ಥಿಗಳು, ಕರ್ನಾಟಕದವರೂ ಅವರಲ್ಲಿ ಸೇರಿ. 2023ರ ಜೂನ್‌ಗೆ ಕೊನೆಗೊಂಡ ಒಂದು ವರ್ಷದಲ್ಲಿ ನಿವ್ವಳ ವಲಸೆ 9 ಲಕ್ಷ ದಾಟಿತು. ಆಮೇಲೆ ನಿಯಮ ಬಿಗಿಯಾಗಿ ಅದು ಇಳಿದಿದೆ.

ಸೇವೆಗಳ ರಫ್ತು ಇನ್ನೊಂದು ಅಚ್ಚರಿ. ಬ್ಯಾಂಕುಗಳು ಡಬ್ಲಿನ್, ಫ್ರಾಂಕ್‌ಫರ್ಟ್, ಪ್ಯಾರಿಸ್‌ಗೆ ಒಂದಿಷ್ಟು ಸಿಬ್ಬಂದಿಯನ್ನು ಸಾಗಿಸಿದ್ದು ನಿಜ. 2021ರ ಜನವರಿಯಲ್ಲಿ ಷೇರು ವಹಿವಾಟಿನಲ್ಲಿ ಆಮ್‌ಸ್ಟರ್‌ಡ್ಯಾಮ್ ಲಂಡನ್ನನ್ನು ಹಿಂದಿಕ್ಕಿದ್ದೂ ನಿಜ. ಆದರೂ ಸಲಹೆ, ಕಾನೂನು, ಲೆಕ್ಕಪತ್ರದಂಥ ಸೇವೆಗಳ ರಫ್ತು ಊಹಿಸಿದ್ದಕ್ಕಿಂತ ಚೆನ್ನಾಗಿ ಬೆಳೆಯಿತು. ಇಮೇಲಿನಲ್ಲಿ ಹೋಗುವ ವರದಿಗೆ ಪಶುವೈದ್ಯರ ಸಹಿ ಬೇಕಾಗುವುದಿಲ್ಲ.

ಹೊಸ ಒಪ್ಪಂದಗಳಿಂದ ಎಷ್ಟು ತುಂಬೀತು?

ಒಕ್ಕೂಟದಿಂದ ಹೊರಬಂದರೆ ಜಗತ್ತಿನ ಯಾವ ದೇಶದ ಜೊತೆಗಾದರೂ ಒಪ್ಪಂದ ಮಾಡಿಕೊಳ್ಳಬಹುದು ಎಂಬುದು ಬ್ರೆಕ್ಸಿಟ್ ಪರ ವಾದಗಳಲ್ಲಿ ಗಟ್ಟಿಯಾದದ್ದು. ಅದು ಆಯಿತು ಕೂಡ. ಆಸ್ಟ್ರೇಲಿಯಾ ಒಪ್ಪಂದ 2023ರಲ್ಲಿ ಜಾರಿಗೆ ಬಂತು. ಅದರಿಂದ ಬ್ರಿಟನ್ನಿನ ಜಿಡಿಪಿಗೆ ದೀರ್ಘಾವಧಿಯಲ್ಲಿ ಸೇರುವುದು ಶೇ 0.08 ಎಂದು ಸರ್ಕಾರವೇ ಅಂದಾಜಿಸಿದೆ. ಭಾರತದ ಒಪ್ಪಂದದಿಂದ ಶೇ 0.13, ಅಂದರೆ 2040ರ ಹೊತ್ತಿನ ಜಿಡಿಪಿಯ ಲೆಕ್ಕದಲ್ಲಿ ವರ್ಷಕ್ಕೆ 480 ಕೋಟಿ ಪೌಂಡ್. ಬೆಂಗಳೂರಿನ ಸಿದ್ಧ ಉಡುಪಿಗೆ ಬ್ರಿಟನ್ನಿನಲ್ಲಿ ಸುಂಕ ಸೊನ್ನೆಯಾಗುವುದು, ಅಲ್ಲಿನ ವಿಸ್ಕಿಗೆ ಇಲ್ಲಿ ಸಹಿಯ ಹೊತ್ತಿಗೆ ಶೇ 150 ಇದ್ದ ಸುಂಕ ಮೊದಲು 75ಕ್ಕೆ, ಹತ್ತು ವರ್ಷಗಳಲ್ಲಿ 40ಕ್ಕೆ ಇಳಿಯುವುದು ಈ ಒಪ್ಪಂದದ ಎದ್ದುಕಾಣುವ ಅಂಶಗಳು. ನಮ್ಮ ಉಡುಪು ಉದ್ಯಮಕ್ಕೆ ಇದು ದೊಡ್ಡ ಸುದ್ದಿ. ಬ್ರಿಟನ್ನಿನ ಒಟ್ಟು ಲೆಕ್ಕದಲ್ಲಿ ಮಾತ್ರ ಸಣ್ಣ ಮೊತ್ತ.

ಭಾರತದಂಥ ಇಷ್ಟು ದೊಡ್ಡ ದೇಶದಿಂದಲೂ ಲಾಭ ಇಷ್ಟೇ ಏಕೆ? 1962ರಲ್ಲಿ ಡಚ್ ಅರ್ಥಶಾಸ್ತ್ರಜ್ಞ ಯಾನ್ ಟಿನ್‌ಬರ್ಗನ್ ಗಮನಿಸಿದ ಒಂದು ನಿಯಮ ಇದಕ್ಕೆ ಉತ್ತರ. ಎರಡು ದೇಶಗಳ ನಡುವಿನ ವ್ಯಾಪಾರ ಅವುಗಳ ಆರ್ಥಿಕ ಗಾತ್ರ ಹೆಚ್ಚಿದಂತೆ ಹೆಚ್ಚುತ್ತದೆ, ನಡುವಿನ ದೂರ ಹೆಚ್ಚಿದಂತೆ ಇಳಿಯುತ್ತದೆ. ಹಡಗು, ವಿಮಾನ, ಇಂಟರ್ನೆಟ್ ಎಲ್ಲ ಬಂದ ಮೇಲೂ ಇದು ಸುಳ್ಳಾಗಿಲ್ಲ. ಬ್ರಿಟನ್ನಿನ ಅರ್ಧದಷ್ಟು ವ್ಯಾಪಾರ ಇವತ್ತಿಗೂ ಅದೇ ಒಕ್ಕೂಟದೊಡನೆ ನಡೆಯುತ್ತಿದೆ. ಕಾಲುವೆಯ ಆಚೆ ದಡದಲ್ಲಿ ನಲವತ್ತೈದು ಕೋಟಿ ಕೊಳ್ಳುವವರಿದ್ದಾರೆ.

ಇಲ್ಲಿ ನಮ್ಮದೊಂದು ಪ್ರಸಂಗವನ್ನು ಬೆರೆಸಿಕೊಳ್ಳಬಾರದು. ಆರ್‌ಸೆಪ್ ಎಂಬ ಏಷ್ಯಾದ ದೊಡ್ಡ ವ್ಯಾಪಾರ ಕೂಟಕ್ಕೆ ಭಾರತ ಸೇರುವುದಿಲ್ಲ ಎಂದು 2019ರ ನವೆಂಬರ್ 4ರಂದು ಪ್ರಧಾನಿ ನರೇಂದ್ರ ಮೋದಿ ಬ್ಯಾಂಕಾಕ್‌ನಲ್ಲಿ ಘೋಷಿಸಿದರು. ನ್ಯೂಜಿಲೆಂಡಿನ ಹಾಲಿನ ಪುಡಿ ಬಂದು ಬೆಲೆ ಕೆಡಿಸುತ್ತದೆ ಎಂದು ಕರ್ನಾಟಕದ ಹಾಲು ಉತ್ಪಾದಕರೂ ಆಗ ವಿರೋಧಿಸಿದ್ದರು. ಅದು ಸರಿಯೋ ತಪ್ಪೋ, ಸೇರದೆ ಉಳಿಯುವುದೇ ಬೇರೆ, ನಲವತ್ತೇಳು ವರ್ಷ ಒಳಗಿದ್ದು ಹೊರಬರುವುದೇ ಬೇರೆ. ಮೊದಲನೆಯದರಲ್ಲಿ ಸಿಗಬಹುದಾಗಿದ್ದ ಲಾಭ ತಪ್ಪುತ್ತದೆ. ಎರಡನೆಯದರಲ್ಲಿ ಗಡಿಯಿಲ್ಲ ಎಂದು ನಂಬಿ ಕಟ್ಟಿದ ಕಾರ್ಖಾನೆ, ಗೋದಾಮು, ಗಿರಾಕಿ ಸಂಬಂಧಗಳನ್ನೇ ಬಿಚ್ಚಿ ಮತ್ತೆ ಕಟ್ಟಬೇಕಾಗುತ್ತದೆ.

ಮತ್ತೆ ಹತ್ತಿರಕ್ಕೆ

ಏಕ ಮಾರುಕಟ್ಟೆಗಾಗಲಿ ಕಸ್ಟಮ್ಸ್ ಒಕ್ಕೂಟಕ್ಕಾಗಲಿ ಮರಳುವುದಿಲ್ಲ ಎಂದು ಹೇಳಿಕೊಂಡೇ 2024ರಲ್ಲಿ ಅಧಿಕಾರಕ್ಕೆ ಬಂದ ಲೇಬರ್ ಸರ್ಕಾರ ಗಡಿಯ ತಪಾಸಣೆಯನ್ನು ಸಡಿಲಿಸಲು ಹೊರಟಿದೆ. 2025ರ ಮೇ 19ರಂದು ಲಂಡನ್ನಿನಲ್ಲಿ ಎರಡೂ ಕಡೆಯವರು ಒಂದು ಚೌಕಟ್ಟಿಗೆ ಒಪ್ಪಿದರು. ಆಹಾರ ಮತ್ತು ಪ್ರಾಣಿ ಉತ್ಪನ್ನಗಳ ವಿಷಯದಲ್ಲಿ ಬ್ರಿಟನ್ ಒಕ್ಕೂಟದ ನಿಯಮಗಳನ್ನೇ ಪಾಲಿಸುವುದು, ಪ್ರತಿಯಾಗಿ ಪ್ರಮಾಣಪತ್ರ ಮತ್ತು ತಪಾಸಣೆಗಳ ಬಹುಪಾಲನ್ನು ಕೈಬಿಡುವುದು ಅದರ ತಿರುಳು. ಬದಲಿಗೆ ಬ್ರಿಟನ್ನಿನ ಕಡಲಲ್ಲಿ ಯುರೋಪಿನ ದೋಣಿಗಳಿಗೆ 2038ರವರೆಗೆ ಮೀನು ಹಿಡಿಯುವ ಅವಕಾಶ ಮುಂದುವರಿಯುತ್ತದೆ. ಆಹಾರದ ಆ ನಿಯಮಗಳನ್ನು ರೂಪಿಸುವಾಗ ಮತ ಹಾಕುವ ಹಕ್ಕು ಬ್ರಿಟನ್ನಿಗೆ ಇರುವುದಿಲ್ಲ ಎಂದು ವಿರೋಧಿಗಳು ಕೂಗೆಬ್ಬಿಸಿದ್ದಾರೆ. ಅದು ಸುಳ್ಳೂ ಅಲ್ಲ. ಆಹಾರದ ಈ ಏರ್ಪಾಡು ಮತ್ತು ಇಂಗಾಲ ಮಾರುಕಟ್ಟೆಗಳ (ಕಾರ್ಖಾನೆಗಳು ಇಂಗಾಲ ಹೊರಬಿಡುವ ಪರವಾನಗಿಗಳನ್ನು ಕೊಂಡು ಮಾರುವ ವ್ಯವಸ್ಥೆಗಳ) ಜೋಡಣೆ ಸೇರಿ 2040ರ ಹೊತ್ತಿಗೆ ಬ್ರಿಟನ್ನಿನ ಆರ್ಥಿಕತೆಗೆ ಸುಮಾರು 900 ಕೋಟಿ ಪೌಂಡ್ ಸೇರಿಸುತ್ತವೆ ಎಂಬುದು ಸರ್ಕಾರದ್ದೇ ಅಂದಾಜು. ಇಂದಿನ ಜಿಡಿಪಿಗೆ ಹೋಲಿಸಿದರೆ ಅದು ಶೇ 0.3, ಪೌಂಡುಗಳಲ್ಲಿ ಎಣಿಸಿದರೆ ಭಾರತದ ಒಪ್ಪಂದದ ಎರಡು ಪಟ್ಟಿಗೆ ಸ್ವಲ್ಪ ಕಡಿಮೆ.